ನಮ್ಮಜ್ಜನ ಮಾರುತಿ 800 ಕ್ಲಾಸಿಕ್ ಆಗುತ್ತಾ?

1/9

ಮೊದಲನೇ ಫೋಟೊ ನೋಡ್ರಿ. ಹಳಿಯಾಳದಲ್ಲಿ ನಮ್ಮ ಮನೆ ಬಾಜೂಕಿನ ತಗಡಿನ ಶೆಡ್ಡು. ಒಳಗೆ ನಿಂತಿರೋದು ಬಿಳಿ ಮಾರುತಿ 800. 1996ರ ಮಾಡೆಲ್, ಚೌಕು ಮೂತಿ, ಕಾರ್ಬೊರೇಟರ್ ಗಾಡಿ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯದೆ ಚಾಲೂ ಆಗಲ್ಲ. ಅಜ್ಜ ಇದನ್ನ 2003ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ್ರು. ನಾನು ಹುಟ್ಟೋ ದಿನ ಅವ್ವನ್ನ ಧಾರವಾಡದ ದವಾಖಾನೆಗೆ ಒಯ್ದದ್ದು ಇದೇ ಗಾಡಿ. ನಮ್ಮ ಓಣಿಯ ಅರ್ಧ ಮಂದಿ ಒಂದಲ್ಲ ಒಂದು ರಾತ್ರಿ ಇದರ ಹಿಂದಿನ ಸೀಟಿನಲ್ಲಿ ಮಲಗಿ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋದವರೇ.

ಬರೋ ತಿಂಗಳು ಇದರ ಪಾಸಿಂಗ್ ಮುಗಿಯುತ್ತೆ. ಕಳೆದ ಸಲ, 2021ರಲ್ಲಿ, ನೋಂದಣಿ ನವೀಕರಣದ ಸರಕಾರಿ ಫೀ ಬರೀ 600 ರೂಪಾಯಿ. ಈ ಸಲ 10,000. ಹಿಂಗಾಗಿ ಕಾಕಾ ಹೋದ ಭಾನುವಾರ ಗುಜರಿಯವನನ್ನ ಕರ್ಕೊಂಡು ಬಂದ್ರು. ಅವನು ಗಾಡಿ ಸುತ್ತ ಒಂದು ಸುತ್ತು ಹಾಕಿದ, ಬಾನೆಟ್ ಎತ್ತಿ ನೋಡಿದ, ಕಾಲಿನಿಂದ ಫ್ಲೋರ್ ಒತ್ತಿ ನೋಡಿದ. "ಇಪ್ಪತ್ತು ಸಾವಿರ ಕೊಡ್ತೀನ್ರಿ" ಅಂದ.

ನಾನು ನಡುವೆ ಬಾಯಿ ಹಾಕಿದೆ: "ತಡೀರಿ ಕಾಕಾ. ಮುಂದ ಇದು ಕ್ಲಾಸಿಕ್ ಆಗಿ ಲಕ್ಷಗಟ್ಟಲೆ ಬೆಲೆ ಬಂದ್ರ?"

ಕಾಕಾ ನಕ್ಕರು. "ನೀ ಬಿಕಾಂ ಓದಾಕತ್ತಿ ಅಲ್ಲೇನು? ಲೆಕ್ಕ ಹಾಕಿ ತೋರಸು."

ಅಜ್ಜ ಏನೂ ಅನ್ನಲಿಲ್ಲ. ಎದ್ದು ಹೋಗಿ ಬ್ಯಾಟರಿಗೆ ನೀರು ಹಾಕಿದ್ರು.

ಈ ಸರಣಿ ಆ ಲೆಕ್ಕ. ಒಂಬತ್ತು ಭಾಗ. ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ ನಿಂತಿದ್ರೆ ಕೊನೆತನಕ ಓದಿ.

2/9

ಮೊದಲು ಸ್ವಲ್ಪ ಇತಿಹಾಸ.

1980ರ ಹೊತ್ತಿಗೆ ನಮ್ಮ ದೇಶದಲ್ಲಿ ಕಾರು ಅಂದ್ರೆ ಎರಡೇ ಹೆಸರು: ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಒಂದು ಇಂಗ್ಲೆಂಡಿನ ಹಳೆ ಮಾರಿಸ್ ಆಕ್ಸ್‌ಫರ್ಡ್, ಇನ್ನೊಂದು ಇಟಲಿಯ ಹಳೆ ಫಿಯಟ್ 1100. ಹಣ ಕೈಯಲ್ಲಿ ಹಿಡ್ಕೊಂಡು ಹೋದ್ರೂ ವರ್ಷಗಟ್ಟಲೆ ಕಾಯಬೇಕು.

ಸಂಜಯ್ ಗಾಂಧಿ 1971ರಲ್ಲೇ ಮಾರುತಿ ಹೆಸರಿನ ಕಂಪನಿ ಶುರು ಮಾಡಿದ್ರು. ಜನರ ಕಾರು ಅಂತ ಮಾತು ಕೊಟ್ರು, ಕಾರು ಮಾತ್ರ ಬರಲಿಲ್ಲ. 1980ರ ಜೂನ್‌ನಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡ್ರು. ಆಮೇಲೆ ಸರಕಾರ ಆ ಕಂಪನಿಯನ್ನ ವಹಿಸಿಕೊಂಡು, 1981ರ ಫೆಬ್ರುವರಿಯಲ್ಲಿ ಮಾರುತಿ ಉದ್ಯೋಗ್ ಲಿಮಿಟೆಡ್ ಸ್ಥಾಪಿಸಿತು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ. ಶುರುವಿಗೆ ಸುಜುಕಿಯ ಪಾಲು 26 ಪರ್ಸೆಂಟ್.

1983ರ ಡಿಸೆಂಬರ್ 14. ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನ ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ರು. ಅವರು ಇಂಡಿಯನ್ ಏರ್‌ಲೈನ್ಸ್ ನೌಕರ. ಲಾಟರಿ ಎತ್ತಿ ಆರಿಸಿದ ಹೆಸರು. ಗಾಡಿ ನಂಬರ್ ಡಿಐಎ 6479. ಬೆಲೆ ಸುಮಾರು 47,500 ರೂಪಾಯಿ.

ಆ ಮೊದಲ ಮಾಡೆಲ್ಲಿಗೆ ಎಸ್‌ಎಸ್80 ಅಂತಾರೆ. 796 ಸಿಸಿ, ಮೂರು ಸಿಲಿಂಡರ್. ಬಿಡಿಭಾಗ ಬಹುತೇಕ ಜಪಾನಿನಿಂದ ಪೆಟ್ಟಿಗೆಯಲ್ಲಿ ಬರ್ತಿದ್ವು, ಗುರ್‌ಗಾಂವ್‌ನಲ್ಲಿ ಜೋಡಿಸ್ತಿದ್ರು. 1986ರಲ್ಲಿ ಆಕಾರ ಬದಲಾಯ್ತು. ಫೋಟೊದಲ್ಲಿರೋ ನಮ್ಮ ಗಾಡಿ ಆ ಎರಡನೇ ಆಕಾರದ್ದು. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

3/9

ಈಗ ಒಂದು ತಮಾಷೆ ವಿಷಯ. ನಮ್ಮ ಚೌಕು ಮೂತಿಯ 800 ಜಪಾನಿನಲ್ಲಿ ಸುಜುಕಿ ಆಲ್ಟೊ. ಅಲ್ಲಿ ಸಣ್ಣ ಕಾರುಗಳಿಗೆ ಕೇ ಅನ್ನೋ ವರ್ಗ ಇದೆ. ಆಗ ಅದರ ಮಿತಿ 550 ಸಿಸಿ. ಎಂಜಿನ್ ಸಣ್ಣದಿದ್ರೆ ತೆರಿಗೆ ಕಡಿಮೆ. ಅವರ ಲೆಕ್ಕದಲ್ಲಿ ಅದು ಸಂತೆಗೆ ಹೋಗಿ ಬರೋ ಅಗ್ಗದ ಗಾಡಿ. 1988ರಲ್ಲಿ ಅವರು ಆ ಮಾಡೆಲ್ ನಿಲ್ಲಿಸಿ ಮುಂದಿನದಕ್ಕೆ ಹೋದ್ರು.

ನಾವು ಹೋಗಲಿಲ್ಲ! 2014ರ ಜನವರಿ 18ರವರೆಗೂ 800 ತಯಾರಾಯ್ತು. ದೇಶದೊಳಗೆ ಮಾರಾಟ ಆದದ್ದೇ 25 ಲಕ್ಷಕ್ಕೂ ಹೆಚ್ಚು.

ಮುಗಿದ ರೀತಿ ಕೂಡ ನಮ್ಮ ಕಡೆಯವರು ತಿಳ್ಕೋಬೇಕಾದದ್ದು. 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ದೊಡ್ಡ ನಗರಗಳಿಗೆ ಬಿಎಸ್-4 ಹೊಗೆ ನಿಯಮ ಬಂತು. 800ರ ಎಂಜಿನ್ ಅದಕ್ಕೆ ಹೊಂದಲಿಲ್ಲ, ಅಲ್ಲಿ ಮಾರಾಟ ನಿಂತಿತು. ಸಣ್ಣ ಊರುಗಳಿಗೆ ಮಾತ್ರ ಇನ್ನೂ ಸುಮಾರು ನಾಲ್ಕು ವರ್ಷ ಬರ್ತಾ ಇತ್ತು. ಅಂದ್ರೆ ಈ ಕಾರಿನ ಕೊನೆಯ ಗಿರಾಕಿಗಳು ನಮ್ಮಂಥ ಊರಿನವರು. ಮಾಸ್ತರು, ಫಾರೆಸ್ಟ್ ಗಾರ್ಡು, ದಾಂಡೇಲಿಯ ಮಿಲ್ಲಿನಿಂದ ರಿಟೈರ್ ಆದವರು, ಕಬ್ಬಿನ ಬಿಲ್ಲು ಬಂದ ವರ್ಷ ಧೈರ್ಯ ಮಾಡಿದ ಹಳಿಯಾಳದ ರೈತರು.

ಹಂಗಾದ್ರೆ ಈಗ ಹಳೆ 800 ಹುಡುಕೋರು ಎಲ್ಲಿಗೆ ಬರಬೇಕು? ಬೆಂಗಳೂರಿನ ಬೇಸ್‌ಮೆಂಟ್‌ಗೆ ಅಲ್ಲ. ಇಲ್ಲಿಗೆ.

4/9

ಈಗ ಕಾಮರ್ಸ್ ಕ್ಲಾಸು. ಹೆದರಬೇಡಿ, ಎರಡೇ ನಿಮಿಷ.

ಕಾರಿನ ಬೆಲೆ ಪ್ರತಿ ವರ್ಷ ಸವೀತದೆ. ಅದಕ್ಕೆ ಸವಕಳಿ ಅಂತಾರೆ. ಆದಾಯ ತೆರಿಗೆ ಲೆಕ್ಕದಲ್ಲಿ ಮಾಮೂಲಿ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್, ಉಳಿದ ಮೌಲ್ಯದ ಮೇಲೆ. 1983ರ 47,500 ರೂಪಾಯಿಯ ಗಾಡಿಗೆ ಇದನ್ನ ಹಾಕಿ ನೋಡೋಣ.

10 ವರ್ಷಕ್ಕೆ: ಸುಮಾರು 9,350 ರೂಪಾಯಿ.
20 ವರ್ಷಕ್ಕೆ: 1,841 ರೂಪಾಯಿ.
40 ವರ್ಷಕ್ಕೆ: 71 ರೂಪಾಯಿ.

71 ರೂಪಾಯಿಗೆ ಈಗ ಒಂದು ಲೀಟರ್ ಪೆಟ್ರೋಲ್ ಕೂಡ ಬರಲ್ಲ. ಆದರೆ ಹರ್ಪಾಲ್ ಸಿಂಗ್ ಅವರ ಆ ಗಾಡಿ 71 ರೂಪಾಯಿಗೆ ಸಿಗುತ್ತಾ? ಅವರು 2010ರಲ್ಲಿ ತೀರಿಕೊಂಡ ಮೇಲೆ ಅದು ದೆಹಲಿಯ ಮನೆ ಮುಂದೆ ತುಕ್ಕು ಹಿಡೀತಾ ನಿಂತಿತ್ತು. ಆಮೇಲೆ ಅದನ್ನ ಪೂರ್ತಿ ರಿಪೇರಿ ಮಾಡಿ, 2022ರಲ್ಲಿ ಮಾರುತಿ ಕಂಪನಿಯ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ರು. ಪುಸ್ತಕದ ಬೆಲೆ 71 ರೂಪಾಯಿ, ನಿಜವಾದ ಬೆಲೆ ಯಾರೂ ಹೇಳಕ್ಕಾಗಲ್ಲ.

ಅಂದ್ರೆ ಬೆಲೆಯ ಗೆರೆ ಇಳಿದು ಇಳಿದು ಒಂದು ಕಡೆ ತಳ ಮುಟ್ಟುತ್ತೆ. ಬಹಳ ಗಾಡಿಗಳು ಅಲ್ಲೇ ಗುಜರಿಗೆ ಹೋಗ್ತವೆ. ಕೆಲವು ಮಾತ್ರ ಮತ್ತೆ ಮೇಲೆ ಹತ್ತುತ್ತವೆ. ನಾನು ಓದಿ, ಕೇಳಿ ತಿಳ್ಕೊಂಡ ಮಟ್ಟಿಗೆ ಹತ್ತೋಕೆ ನಾಲ್ಕು ಬೇಕು. ಒಂದು, ಗಾಡಿ ಅಪರೂಪ ಆಗಬೇಕು. ಎರಡು, ಸಣ್ಣವರಿದ್ದಾಗ ಅದರಲ್ಲಿ ಕೂತವರು ದೊಡ್ಡವರಾಗಿ ಕೈಯಲ್ಲಿ ದುಡ್ಡು ಬರಬೇಕು. ಮೂರು, ಸ್ಪೇರ್ ಪಾರ್ಟ್ ಮತ್ತು ರಿಪೇರಿ ಮಾಡೋ ಕೈ ಎರಡೂ ಉಳಿದಿರಬೇಕು. ನಾಲ್ಕು, ಅದಕ್ಕೊಂದು ಕಥೆ ಇರಬೇಕು.

5/9

ಕಥೆಯಿಂದಲೇ ಶುರು ಮಾಡೋಣ. ಟೊಯೊಟಾ ಕೊರೊಲಾ ಗೊತ್ತಲ್ಲ? 1966ರಿಂದ ಬರ್ತಿರೋ ಗಾಡಿ, ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟ ಆದ ಹೆಸರು. ಅದರಲ್ಲಿ 1983ರಿಂದ 1987ರವರೆಗೆ ಬಂದ ಎಇ86 ಅನ್ನೋ ಒಂದು ಕೂಪೆ. ಹಗುರ ಗಾಡಿ, ಹಿಂದಿನ ಚಕ್ರಕ್ಕೆ ಎಂಜಿನ್ ಶಕ್ತಿ. 1995ರಲ್ಲಿ ಜಪಾನಿನಲ್ಲಿ ಇನಿಶಿಯಲ್ ಡಿ ಅನ್ನೋ ಚಿತ್ರಕಥೆ ಶುರುವಾಯ್ತು. ಅದರಲ್ಲಿ ತೋಫು ಅಂಗಡಿ ಹುಡುಗ ಎಇ86 ಓಡಿಸಿ ಘಟ್ಟದ ರಸ್ತೆಯಲ್ಲಿ ದೊಡ್ಡ ದೊಡ್ಡ ಗಾಡಿ ಸೋಲಿಸ್ತಾನೆ. ಆಮೇಲೆ ಆ ಹಳೆ ಕೊರೊಲಾ ಹುಡುಕಿ ಹುಡುಕಿ ಕೊಂಡ್ರು, ಬೆಲೆ ಆಕಾಶಕ್ಕೆ. ಅದೇ ಕಾಲದ ಉಳಿದ ಕೊರೊಲಾಗಳು? ಬಹುತೇಕ ಗುಜರಿ. ಒಂದೇ ಹೆಸರು, ಒಂದೇ ಕಂಪನಿ, ಹಣೆಬರಹ ಬೇರೆ.

ಜಪಾನು ದೂರ ಆಯ್ತಾ? ನಮ್ಮೂರಲ್ಲೇ ನೋಡ್ರಿ: ಯಮಹಾ ಆರ್‌ಎಕ್ಸ್ 100. 1985ರಿಂದ 1996ರವರೆಗೆ ಬಂದ 98 ಸಿಸಿ ಬೈಕು. ಹಾಲಿನವರು, ಪೋಸ್ಟ್‌ಮನ್ನು, ಎಲ್‌ಐಸಿ ಏಜೆಂಟರು ಓಡಿಸಿದ ಮಾಮೂಲಿ ಗಾಡಿ. ಈಗ ಚೆನ್ನಾಗಿ ರಿಪೇರಿ ಮಾಡಿಸಿದ ಒಂದಕ್ಕೆ ಲಕ್ಷ ರೂಪಾಯಿ ಮೇಲೆ ಕೇಳ್ತಾರೆ. ನಮ್ಮ ಕಾಲೇಜಿಗೆ ಅದರಲ್ಲಿ ಒಬ್ಬ ಬಂದ್ರೆ ಪಾರ್ಕಿಂಗಿನಲ್ಲಿ ಜಾತ್ರೆ.

ಆರ್‌ಎಕ್ಸ್‌ಗೆ ನಾಲ್ಕೂ ಸಿಕ್ಕಿದ್ವು. ಟೂ ಸ್ಟ್ರೋಕ್ ನಿಂತು ಹೋಗಿದ್ದಕ್ಕೆ ಅಪರೂಪ ಆಯ್ತು. ಆಗಿನ ಹುಡುಗರು ಈಗ ನಲವತ್ತೈದು ದಾಟಿದಾರೆ. ರಿಪೇರಿ ಹಳ್ಳಿ ಮಿಸ್ತ್ರಿಗೂ ಬರುತ್ತೆ. ಕಥೆ ಅಂದ್ರೆ ಆ ಸದ್ದೇ ಸಾಕು.

ಹಾಗಾಗಿ "ಅಗ್ಗದ ಜಪಾನಿ ಗಾಡಿ ಎಂದಾದ್ರೂ ಕ್ಲಾಸಿಕ್ ಆಗುತ್ತಾ" ಅನ್ನೋ ಪ್ರಶ್ನೆಗೆ ಎರಡು ಚಕ್ರದ ಮಟ್ಟಿಗೆ ಉತ್ತರ ಬಂದಾಗಿದೆ. ಆಗುತ್ತೆ.

6/9

ನಾಲ್ಕು ಚಕ್ರಕ್ಕೆ ಬರೋಣ. ನಮ್ಮ ನಾಲ್ಕು ತಾಲೂಕಿನಲ್ಲಿ ನಾನು ಕಂಡದ್ದು ಹೇಳ್ತೀನಿ. ಫೋಟೊ ಒಂದೊಂದಾಗಿ ಸರಿಸಿ.

ಮೊದಲು ಜಿಪ್ಸಿ. 1985ರ ಕೊನೆಗೆ ಬಂತು, ಸುಜುಕಿ ಜಿಮ್ನಿಯ ಉದ್ದ ರೂಪ. ಶುರುವಿಗೆ 970 ಸಿಸಿ, 1996ರಲ್ಲಿ 1300 ಸಿಸಿಯ ಜಿಪ್ಸಿ ಕಿಂಗ್. ಸೇನೆ, ಪೊಲೀಸು, ಅರಣ್ಯ ಇಲಾಖೆ ಎಲ್ಲರ ಗಾಡಿ. ದಾಂಡೇಲಿಗೆ ಬಂದು ಕಾಳಿ ಹುಲಿ ಅಭಯಾರಣ್ಯದ ಕಡೆ ಹೋದವರಿಗೆ ತೆರೆದ ಗಾಡಿಯ ಸಫಾರಿ ಮರೆಯಲ್ಲ. 2019ರಲ್ಲಿ ಜನಸಾಮಾನ್ಯರಿಗೆ ಮಾರೋದು ನಿಲ್ಲಿಸಿದ್ರು. ಇದರ ಬೆಲೆ ಆಗಲೇ ತಳದಿಂದ ಮೇಲೆ ಹತ್ತಿದೆ, ಯಾರನ್ನ ಬೇಕಾದ್ರೂ ಕೇಳಿ.

ಆಮೇಲೆ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, 1988ರಲ್ಲಿ ಓಮ್ನಿ ಅನ್ನೋ ಹೆಸರು, 2019ಕ್ಕೆ ಕೊನೆ. ಎಂಜಿನ್ ಮುಂದಿನ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಡ್ರೈವರ್ ಕೂತದ್ದು ಒಲೆ ಮೇಲೆ. ಸಿನಿಮಾದಲ್ಲಿ ಕಿಡ್ನ್ಯಾಪ್ ಮಾಡೋ ಗಾಡಿ, ಊರಲ್ಲಿ ಶಾಲೆ ಮಕ್ಕಳ ಗಾಡಿ, ಆಂಬುಲೆನ್ಸು, ಸಂತೆ ಮಾಲಿನ ಗಾಡಿ. ಮುಂಡಗೋಡದಲ್ಲಿ 1966ರಿಂದ ಇರೋ ಟಿಬೆಟಿಯನ್ ಕ್ಯಾಂಪುಗಳ ಕಡೆ ಹೋದಾಗ ಕೆಂಪು ಬಟ್ಟೆಯ ಭಿಕ್ಷುಗಳು ಒಂದು ಓಮ್ನಿಯಿಂದ ಇಳಿಯೋದನ್ನ ಎಣಿಸಿದೆ. ಒಂಬತ್ತು ಜನ! ಇಷ್ಟು ದುಡಿದ ಗಾಡಿ ಚೆನ್ನಾಗಿ ಉಳಿಯೋದೇ ಇಲ್ಲ. ಹಂಗಾಗಿ ಮಾರ್ಪಾಡು ಮಾಡದ ಒಳ್ಳೆ ಓಮ್ನಿ ಮುಂದೆ 800ಗಿಂತ ಅಪರೂಪ ಆಗಬಹುದು ಅನ್ನೋದು ನನ್ನ ಅಂದಾಜು.

ಮೂರನೇದು ಕ್ವಾಲಿಸ್. ಇದು ನಮ್ಮ ಕರ್ನಾಟಕದ್ದೇ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯದು. 2000ದಲ್ಲಿ ಬಂತು, 2005ಕ್ಕೆ ನಿಂತಿತು. ಬರೀ ಐದು ವರ್ಷ. ಜೋಯಿಡಾ ಕಡೆ ಇನ್ನೂ ಬಾಡಿಗೆಗೆ ಓಡೋವು ಇದಾವೆ. ಅವರಿಗೆ ಅದು ಕ್ಲಾಸಿಕ್ ಅಲ್ಲ, ಊಟ.

7/9

ಈಗ ಕೆಟ್ಟ ಸುದ್ದಿ. ಎರಡು.

ಮೊದಲನೇದು ತುಕ್ಕು. ನಮ್ಮ ಗ್ಯಾರೇಜಿನ ಮಿಸ್ತ್ರಿ ಕಾಕಾ ಫ್ಲೋರ್ ಮ್ಯಾಟ್ ಎತ್ತಿ ತೋರಿಸಿದ್ರು. ಡ್ರೈವರ್ ಕಾಲಿನ ಕೆಳಗೆ ಅಂಗೈ ಅಗಲ ತೂತು, ನೆಲ ಕಾಣ್ತಿತ್ತು. "ಎಂಜಿನ್ ಇನ್ನೂ ಹತ್ತು ವರ್ಷ ಓಡತೈತಿ ತಮ್ಮಾ. ಬಾಡಿ ಕೇಳೂದಿಲ್ಲ" ಅಂದ್ರು.

ಇದಕ್ಕೆ ಕಾರಣ ಇದೆ. 800 ಸುಮಾರು 650 ಕೆಜಿಯ ಹಗುರ ಗಾಡಿ, ತೆಳು ತಗಡು. ಅದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಫ್ಲೋರು, ಅಂಚಿನ ಪಟ್ಟಿ ಕೊಳೆತರೆ ಗಾಡಿಯ ಬೆನ್ನುಮೂಳೆಯೇ ಹೋದಂಗೆ. ಜಿಪ್ಸಿಗೆ ಕೆಳಗೆ ಏಣಿಯಂಥ ಬೇರೆ ಚಾಸಿ ಇದೆ. ಮೇಲಿನ ತಗಡು ಹೋದ್ರೂ ಹೊಸದಾಗಿ ಕಟ್ಟಬಹುದು. ಜಿಪ್ಸಿ ಉಳಿದು 800 ಸಾಯೋದಕ್ಕೆ ಇದೂ ಒಂದು ಕಾರಣ. ಕ್ಯಾಸಲ್‌ರಾಕ್, ಅಣಶಿ ಕಡೆಯ ಮಳೆಯಲ್ಲಿ ಬಯಲಿಗೆ ನಿಲ್ಲಿಸಿದ 800ಗೆ ಎಷ್ಟು ಆಯುಷ್ಯ ಅಂತ ನೀವೇ ಹೇಳಿ.

ಎರಡನೇದು ಕಾನೂನು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನಿಯಮ ತಂತು. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ದೊಡ್ಡ ಬದಲಾವಣೆ ಮಾಡಿರಬಾರದು, ಬಾಡಿಗೆ ಗಾಡಿ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಕ್ಷರ. ಆದರೆ ದಿನಾ ಓಡಿಸೋ ಹಂಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೇ.

ಲೆಕ್ಕ ಹಾಕಿ. ದೇಶದ ಮೊದಲ 800ಗೇ ವಿಂಟೇಜ್ ಆಗೋಕೆ 2033ರ ಡಿಸೆಂಬರ್ ಬರಬೇಕು. ನಮ್ಮದಕ್ಕೆ 2046. ಆಗ ನನಗೆ ನಲವತ್ತು. ಅಲ್ಲಿತನಕ ಸರಕಾರದ ಕಣ್ಣಿಗೆ ಇದು ಕ್ಲಾಸಿಕ್ ಅಲ್ಲ, ಬರೀ ಹಳೆ ಗಾಡಿ. 20 ವರ್ಷ ದಾಟಿದ ಕಾರಿನ ನವೀಕರಣ ಫೀ 2022ರಲ್ಲಿ 5,000 ಆಗಿತ್ತು, 2025ರ ಆಗಸ್ಟ್‌ನಲ್ಲಿ 10,000 ಆಯ್ತು.

8/9

ಕಾಕಾ ಕೇಳಿದ ಲೆಕ್ಕ ಇಲ್ಲಿದೆ. 2046ರವರೆಗೆ ಇಟ್ಕೊಂಡ್ರೆ, ಇವತ್ತಿನ ದರದಲ್ಲೇ:

ನವೀಕರಣ ನಾಲ್ಕು ಸಲ, 10,000ದಂತೆ: 40,000.
ಥರ್ಡ್ ಪಾರ್ಟಿ ಇನ್ಶೂರೆನ್ಸ್ ವರ್ಷಕ್ಕೆ 2,094, ಇಪ್ಪತ್ತು ವರ್ಷಕ್ಕೆ: 41,880.
ಈಗಿನ ಫ್ಲೋರ್ ಟಿಂಕರಿಂಗ್, ಮಿಸ್ತ್ರಿ ಹೇಳಿದ್ದು: 18,000.
2046ರ ವಿಂಟೇಜ್ ನೋಂದಣಿ: 20,000.
ಒಟ್ಟು: 1,19,880.

ಟೈರು, ಬ್ಯಾಟರಿ, ಹಸಿರು ತೆರಿಗೆ, ಪೆಟ್ರೋಲು ಇದರಲ್ಲಿ ಸೇರಿಲ್ಲ.

ಇನ್ನೊಂದು ಕಡೆ, ಗುಜರಿಯವನ 20,000 ತಗೊಂಡು 7 ಪರ್ಸೆಂಟ್ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ರೆ ಇಪ್ಪತ್ತು ವರ್ಷಕ್ಕೆ ಸುಮಾರು 77,400 ಆಗುತ್ತೆ. ಗಾಡಿ ಇಟ್ಕೊಂಡ್ರೆ ಅದೂ ಕೈ ಬಿಟ್ಟಂಗೆ. ನಮ್ಮ ಮೇಡಂ ಇದಕ್ಕೆ ಅವಕಾಶ ವೆಚ್ಚ ಅಂತ ಪಾಠ ಮಾಡಿದ್ರು, ಪರೀಕ್ಷೆಗೆ ಬರೆದೆ, ಅರ್ಥ ಆಗಿದ್ದು ಈಗ.

ಎರಡೂ ಕೂಡಿಸಿದ್ರೆ ಸುಮಾರು 1,97,000. ಅಂದ್ರೆ 2046ರಲ್ಲಿ ಈ ಗಾಡಿಯನ್ನ ಎರಡು ಲಕ್ಷಕ್ಕಿಂತ ಕಡಿಮೆಗೆ ಮಾರಿದ್ರೆ ಅದು ನಷ್ಟ. ಅಷ್ಟು ಬೆಲೆ ಬರುತ್ತಾ?

ಎಸ್‌ಎಸ್80 ಆಗಿದ್ರೆ ಹೂಂ ಅಂತಿದ್ದೆ. 1983ರಿಂದ 86ರ ನಡುವಿನದು, ಮೊದಲ ಆಕಾರ, ಉಳಿದಿರೋದು ಕಡಿಮೆ, ಕಥೆ ದೊಡ್ಡದು. ಹಳೆ ಜಿಪ್ಸಿ ಆಗಿದ್ರೂ ಹೂಂ. ಆದರೆ 1996ರ ಮಾಮೂಲಿ ಬಿಳಿ 800? ಲಕ್ಷಗಟ್ಟಲೆ ಬಂದ ಮಾಡೆಲ್ಲು, ನಮ್ಮದಕ್ಕೆ ತೂತು ಫ್ಲೋರು, ಎರಡು ಸಲ ಬಳಿದ ಬಣ್ಣ, ಒರಿಜಿನಲ್ ಬಿಲ್ಲಿಲ್ಲ. ಸಂಗ್ರಹ ಮಾಡೋರು ಮೊದಲು ಒಳ್ಳೇದನ್ನ ಹುಡುಕ್ತಾರೆ, ನಮ್ಮದನ್ನಲ್ಲ.

ಕಾಗದ ತಗೊಂಡು ಹೋಗಿ ಕಾಕಾ ಮುಂದೆ ಇಟ್ಟೆ. "ನೀವು ಹೇಳಿದ್ದು ಖರೇ. ಮಾರೋದೇ ಲಾಭ" ಅಂದೆ. ಅಪ್ಪ ಓದಿ ತಲೆ ಆಡಿಸಿದ್ರು. ಅಜ್ಜ ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿದ್ರು. ಕೊನೆಗೆ ಕೇಳಿದ್ದು ಒಂದೇ: "ಇದರಾಗ ಓಡಿಸಿದ್ದು ಎಲ್ಲಿ ಬರದಿ?"

9/9

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಲೆಕ್ಕದಲ್ಲಿ ಖರ್ಚು, ಬಡ್ಡಿ, ಮಾರೋ ಬೆಲೆ ಎಲ್ಲ ಇತ್ತು. ಇಪ್ಪತ್ತು ವರ್ಷ ಗಾಡಿ ಮಾಡೋ ಕೆಲಸ ಇರಲಿಲ್ಲ. ಶೆಡ್ಡಿನಲ್ಲಿ ಸುಮ್ಮನೆ ನಿಲ್ಲೋ ವಸ್ತು ಅಂತಲೇ ಹಿಡಿದಿದ್ದೆ.

ಸಚಿನ್ ತೆಂಡೂಲ್ಕರ್ ಅವರ ಮೊದಲ ಕಾರು ಮಾರುತಿ 800. ಅದು ಈಗ ತಮ್ಮ ಹತ್ರ ಇಲ್ಲ, ಎಲ್ಲಿದೆ ಅಂತ ಗೊತ್ತಿದ್ದವರು ತಿಳಿಸಿ ಅಂತ ಅವರು 2020ರಲ್ಲಿ ಹೇಳಿದ್ರು. ಯಾವ ಕಾರು ಬೇಕಾದ್ರೂ ಕೊಳ್ಳೋ ಶಕ್ತಿ ಇರೋ ಮನುಷ್ಯ. ಅವರಿಗೆ ಬೇಕಾದದ್ದು ಒಂದು 800 ಅಲ್ಲ, ತಮ್ಮದೇ ಆ 800.

ಹಾಗಾಗಿ ನಮ್ಮ ಮನೆಯ ತೀರ್ಮಾನ ಹೀಗಾಯ್ತು. ಇನ್ನೂ ಐದು ವರ್ಷ ಇಡೋದು, 2031ರವರೆಗೆ. ನವೀಕರಣದ 10,000 ನಂದು. ಶನಿವಾರ ಭಾನುವಾರ ದಾಂಡೇಲಿಯ ಒಂದು ಹೋಂಸ್ಟೇಯಲ್ಲಿ ಬಿಲ್ಲು ಬರೆಯೋ ಕೆಲಸ ಮಾಡ್ತೀನಿ, ಹೊಸ ಫೋನಿಗೆ ಅಂತ ಕೂಡಿಟ್ಟ ದುಡ್ಡು ಅದು. ಟಿಂಕರಿಂಗ್ ಖರ್ಚು ಅಪ್ಪಂದು. ಕಾಕಾ ಗೊಣಗ್ತಾನೇ ಎರಡು ಹೊಸ ಟೈರು ಒಪ್ಪಿಕೊಂಡ್ರು. ಅಜ್ಜ ನನಗೆ ಚೋಕ್ ಹಿಡಿಯೋದು ಕಲಿಸ್ತಾರಂತೆ. ಇದನ್ನ ಹೂಡಿಕೆ ಅಂತ ಎಲ್ಲೂ ಬರೆಯಲ್ಲ. ಖರ್ಚು ಅಂತ ಗೊತ್ತಿದ್ದೇ ಮಾಡ್ತಿರೋ ಖರ್ಚು.

ನಿಮಗೆ ನಾನು ಹೇಳೋದು ಇಷ್ಟು. ದುಡ್ಡು ಬರುತ್ತೆ ಅಂತ ಹಳೆ 800 ಇಟ್ಕೋಬೇಡಿ. ಹೊಸದಾಗಿ ಕೊಳ್ಳಲೂ ಬೇಡಿ. ಮಾರೋದಾದ್ರೆ ಆರ್‌ಸಿ ರದ್ದು ಮಾಡಿಸದೆ ಗುಜರಿಗೆ ಬಿಡಬೇಡಿ, ನಾಳೆ ತಲೆನೋವು. ಇಟ್ಕೊಳ್ಳೋದಾದ್ರೆ ಮಳೆಗೆ ಬಿಡಬೇಡಿ, ಮ್ಯಾಟ್ ಎತ್ತಿ ಒಣಗಿಸಿ, ಹಳೆ ಬಿಲ್ಲು, ಹಳೆ ಕಾಗದ ಎಸೆಯಬೇಡಿ, ಸ್ಟೈಲಿಗೆ ಅಂತ ಒರಿಜಿನಲ್ ಭಾಗ ಕೀಳಿಸಬೇಡಿ.

ಕೊನೆಗೆ ಒಂದು ಕೆಲಸ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆ ನಿಮಗೆ ಗೊತ್ತಿರೋ ಹಳೆ 800, ಓಮ್ನಿ, ಜಿಪ್ಸಿ ಇದ್ರೆ ಮಾಲೀಕರನ್ನ ಕೇಳಿ ಒಂದು ಫೋಟೊ ತೆಗೆದು ಮೆಸೇಜ್ ಮಾಡಿ. ನಂಬರ್ ಪ್ಲೇಟ್ ಮುಚ್ಚಿ. ಆರ್‌ಸಿಯಲ್ಲಿ ಯಾವ ವರ್ಷ ಇದೆ, ಆ ಗಾಡಿ ಏನೇನು ಕೆಲಸ ಮಾಡ್ತು, ಎರಡು ಸಾಲು ಬರೀರಿ. 1986ಕ್ಕಿಂತ ಮುಂಚಿನ ಮೊದಲ ಆಕಾರದ 800 ಯಾರ ಹಿತ್ತಲಲ್ಲಾದ್ರೂ ಇದ್ರೆ ಗುಜರಿಯವನಿಗಿಂತ ಮೊದಲು ನನಗೆ ಹೇಳಿ. ಕೊಳ್ಳೋಕೆ ದುಡ್ಡಿಲ್ಲ, ನೋಡೋಕೆ ಬರ್ತೀನಿ. ಅಜ್ಜನ್ನೂ ಕರ್ಕೊಂಡು, ಇದೇ ಗಾಡಿಯಲ್ಲಿ.

#ಮಾರುತಿ800 #ಹಳಿಯಾಳ #ದಾಂಡೇಲಿ #ಜೋಯಿಡಾ #ಮುಂಡಗೋಡ #ನಮ್ಮೂರಗಾಡಿ #ಹಳೆಕಾರು